ಅರಮನೆ ಅರಸನಾದ ಬಗೆ

ಪ್ರಾಚೀನ ಈಜಿಪ್ಟಿನ ಚಿತ್ರಲಿಪಿ ಸ್ವರಗಳನ್ನು ಬರೆಯುವುದಿಲ್ಲ. ಆದ್ದರಿಂದ ನಾವು 'ಫೇರೋ' ಎನ್ನುವ, ಕನ್ನಡ ಬೈಬಲ್ 'ಫರೋಹ' ಎನ್ನುವ ಪದದ ಹಳೆಯ ಉಚ್ಚಾರ ತಿಳಿಯುವಂಥದ್ದೇ ಅಲ್ಲ ಎಂದು ಹಲವರು ಕೈಚೆಲ್ಲುತ್ತಾರೆ. ಇದನ್ನು ನಾನು ಒಪ್ಪುವುದಿಲ್ಲ. ಬರಹದಲ್ಲಿರುವುದು ಮನೆಯ ನಕ್ಷೆ, ಪಕ್ಕದಲ್ಲೊಂದು ಮರದ ಕಂಬ. ಅರ್ಥ 'ದೊಡ್ಡ ಮನೆ'. ವಿದ್ವಾಂಸರು ಅದನ್ನು 'ಪೆರ್-ಆ' ಎಂದು ಓದುವುದು ಬರೀ ಅನುಕೂಲಕ್ಕೆ. ಎಕಾರ ಅವರೇ ತುಂಬಿದ್ದು. 'ಆ' ಎಂದು ಕೇಳಿಸುವ ಕಡೆ ಇದ್ದದ್ದು ಎರಡು ವ್ಯಂಜನಗಳು, ಮೊದಲನೆಯದು ಅರಬ್ಬಿಯ 'ಐನ್'ನಂಥ ಗಂಟಲ ಧ್ವನಿ. ಪಿರಮಿಡ್ ಕಟ್ಟಿಸಿದ ಖುಫುವಿಗೆ ಈ ಹೆಸರಿರಲಿಲ್ಲ, ಆಗ ಅದು ಅರಮನೆಯನ್ನಷ್ಟೇ ಹೇಳುತ್ತಿತ್ತು. ಅರಸನನ್ನೇ ಹಾಗೆ ಕರೆಯತೊಡಗಿದ್ದು 18ನೇ ರಾಜವಂಶದ ಕಾಲದಲ್ಲಿ. 'ಅರಮನೆಯ ಅಪ್ಪಣೆ' ಎಂದರೆ ಅರಸನ ಅಪ್ಪಣೆಯೇ ತಾನೆ!

ಉಚ್ಚಾರಕ್ಕೆ ಸಾಕ್ಷಿ ಹೇಳುವವರು ನೆರೆಯವರು. ಕ್ರಿ.ಪೂ. 8ನೇ ಶತಮಾನದ ಅಸ್ಸೀರಿಯದ ದೊರೆ ಎರಡನೇ ಸಾರ್ಗೋನನ ಶಾಸನಗಳಲ್ಲಿ ಇದು 'ಪಿರ್‌ಉ'. ಹೀಬ್ರೂವಿನಲ್ಲಿ ಗಂಟಲ ಧ್ವನಿ ಉಳಿಸಿಕೊಂಡ 'ಪರ್‌ಓ'. ಪರಕೀಯರ ಕಿವಿಯನ್ನು ನಂಬಬಹುದೇ ಎಂಬ ಆಕ್ಷೇಪ ನ್ಯಾಯವಾದದ್ದೇ. ಆದರೆ ಈಜಿಪ್ಟಿನವರೇ ಗ್ರೀಕ್ ಅಕ್ಷರಗಳಿಂದ, ಸ್ವರಸಹಿತ ಬರೆದ ಕಾಪ್ಟಿಕ್ ಭಾಷೆಯಲ್ಲೂ 'ದೊಡ್ಡ' ಎಂಬುದಕ್ಕೆ 'ಒ' ಎಂದೇ ಇದೆ. ಕಾಪ್ಟಿಕ್ ತೀರ ಈಚಿನದು, ಕ್ರಿಸ್ತಶಕದ್ದು ಎನ್ನುವಿರಾದರೆ, ಈಜಿಪ್ಟಿನ ಅಮರ್ನಾದಲ್ಲಿ ಸಿಕ್ಕ ಕ್ರಿ.ಪೂ. 14ನೇ ಶತಮಾನದ ಮಣ್ಣಿನ ಹಲಗೆಯೊಂದನ್ನು ನೋಡಬೇಕು. ಅಲ್ಲಿ ಈಜಿಪ್ಟಿನ ಪದಗಳನ್ನು ಬೆಣೆಲಿಪಿಯಲ್ಲಿ ಸ್ವರ ಸೇರಿಸಿ ಬರೆದಿದ್ದಾರೆ. 'ಮೂರು' ಎಂಬುದು ಅಲ್ಲಿ 'ಖಮ್ತು', ಕಾಪ್ಟಿಕ್‌ನಲ್ಲಿ 'ಶೊಮ್ನ್‌ತ್'. ಒತ್ತು ಬಿದ್ದ ಹಳೆಯ 'ಅ' ಮುಂದೆ 'ಒ' ಆಗಿದೆ. ಬೇರೆ ಪದಗಳಲ್ಲೂ ಇದೇ ಕ್ರಮ ಕಾಣುವುದರಿಂದ ಇದು ಆಕಸ್ಮಿಕವಲ್ಲ. ಹಾಗಾದರೆ ನಮ್ಮ ಬಾಯಲ್ಲಿರುವ 'ಓ'ಕಾರ ಪಿರಮಿಡ್ ಕಾಲದ್ದಲ್ಲ, ಆ ಬದಲಾವಣೆಯಾದ ಮೇಲಿನದು. ಹಳಬರು ಅಲ್ಲಿ 'ಅ' ಎನ್ನುತ್ತಿದ್ದರೆಂದು ಧೈರ್ಯವಾಗಿ ಹೇಳಬಹುದು. ಮೊದಲ ಸ್ವರದ ಬಗ್ಗೆ ನೆರೆಯವರಲ್ಲೇ ಒಮ್ಮತವಿಲ್ಲ, ಅಲ್ಲಿ ಅಷ್ಟು ಗಟ್ಟಿಯಾಗಿ ಮಾತಾಡುವಂತಿಲ್ಲ.

ತವರಿನಲ್ಲಿ ಪದ ಇನ್ನೂ ಸವೆಯಿತು. ಗಂಟಲ ಧ್ವನಿ ಅಳಿದು ರೇಫ ಇಮ್ಮಡಿಯಾಗಿ 'ಪ್‌ರ್ರೊ' ಆಯಿತು. ಕಾಪ್ಟಿಕ್‌ನಲ್ಲಿ ಪುಲ್ಲಿಂಗ ನಾಮಪದದ ಹಿಂದೆ 'ಆ' ಎಂಬರ್ಥದ 'ಪ್' ಬರುತ್ತದೆ. 'ಮನೆ'ಯ ಪಕಾರವನ್ನೂ ಜನ ಅದೇ ಎಂದು ತಿಳಿದು ಕಳಚಿಬಿಟ್ಟರು. ಉಳಿದ 'ರ್ರೊ' ಎಂದರೆ ಯಾವ ಅರಸನೂ ಆಗಬಹುದು. ರೋಮಿನ ಚಕ್ರವರ್ತಿಗೂ ಅದೇ ಪದ. ರಾಣಿ 'ರ್ರೋ' ಆದಳು. ಇಷ್ಟೆಲ್ಲ ಆದ ಮೇಲೆ, ಬೈಬಲ್ಲನ್ನು ಕಾಪ್ಟಿಕ್‌ಗೆ ತಂದವರು ಮೋಶೆಯನ್ನು ಎದುರಿಸಿದ ಅರಸನಿಗೆ ತಮ್ಮ 'ರ್ರೊ' ಎನ್ನದೆ, ಗ್ರೀಕರಿಂದ 'ಫರಾವೋ' ಎಂಬ ರೂಪವನ್ನು ಎರವಲು ತಂದರು.