ಎಂಟು ಗುಂಡಿ, ಐದು ತಂತಿ

ಗ್ರ್ಯಾಂಟ್ ರೋಡ್ ಸ್ಟೇಷನ್ನಿನಲ್ಲಿ ಇಳಿದರೆ ಲ್ಯಾಮಿಂಗ್ಟನ್ ರೋಡ್ ಹತ್ತಿರವೇ. ಕಾಗದದಲ್ಲಿ ಡಾ. ಭಡಕಮಕರ್ ಮಾರ್ಗ, ಜನರ ಬಾಯಲ್ಲಿ ಇನ್ನೂ 1903-07ರ ಗವರ್ನರ್ ಲ್ಯಾಮಿಂಗ್ಟನ್ ಸಾಹೇಬರದೇ ಹೆಸರು! ರೇಡಿಯೋ ಬಿಡಿಭಾಗದಿಂದ ಕಂಪ್ಯೂಟರಿನವರೆಗೆ ಎಲ್ಲ ಸಿಗುವ ಬೀದಿ ಇದು.

1990ರ ದಶಕದಲ್ಲಿ ಚಾಳಿನ ಹುಡುಗರು ಆಡಿದ 'ಟೀವಿ ಗೇಮ್' ನೆನಪಿದೆಯೇ? ಅವುಗಳಲ್ಲಿ ಅನೇಕವು ನಿಂಟೆಂಡೊ 1983ರಲ್ಲಿ ಜಪಾನಿನಲ್ಲಿ ತಂದ ಫ್ಯಾಮಿಕಾಮ್‌ನ ನಕಲುಗಳು. ಅಸಲಿ ಕಂಟ್ರೋಲರಿನೊಳಗೆ 4021 ಎಂಬ ಚಿಪ್ಪು. ಅಗ್ಗದ ನಕಲಿನಲ್ಲಿ ಕರಿ ಅಂಟಿನ ಹನಿಯಡಿ ಅದೇ ಕೆಲಸ ಮಾಡುವ ತುಣುಕು. ಎಂಟು ಗುಂಡಿಗಳ ಸ್ಥಿತಿಯನ್ನು ಒಮ್ಮೆಲೇ ಹಿಡಿದು, ಒಂದೇ ತಂತಿಯಲ್ಲಿ ಸಾಲಾಗಿ ಕಳಿಸುತ್ತದೆ. ಬ್ಯಾಂಕಿನವನ ಲೆಕ್ಕದಲ್ಲಿ ಎಂಟು ಗ್ರಾಹಕರು, ಒಂದೇ ಕೌಂಟರು! ಹಾಗಾಗಿ ಒಟ್ಟು ಐದೇ ತಂತಿ ಸಾಕು.

ಈ ಸರಳತನವೇ ಇಂದಿನ ಹವ್ಯಾಸಿಗಳಿಗೆ ವರ. 2005ರಲ್ಲಿ ಇಟಲಿಯಲ್ಲಿ ಹುಟ್ಟಿದ ಆರ್ಡುಯಿನೊ ಬಳಗದ ಕೆಲವು ಬೋರ್ಡುಗಳಿಗೆ ಆ ಐದು ತಂತಿ ಬೆಸೆದು ಪ್ರೋಗ್ರಾಮ್ ಹಾಕಿದರೆ, ಹಳೇ ಕಂಟ್ರೋಲರು ಯುಎಸ್‌ಬಿ ಮೂಲಕ ಕಂಪ್ಯೂಟರಿನ ಜೊತೆ ಮಾತಾಡುತ್ತದೆ.

ಗುಂಡಿ 'ಸತ್ತಿದೆ' ಎಂದು ಎಸೆಯಬೇಡಿ. ಎಷ್ಟೋ ಸಲ ಸವೆದಿರುವುದು ರಬ್ಬರಿನಡಿಯ ಕರಿ ಪದರ ಮಾತ್ರ. ಇ-ತ್ಯಾಜ್ಯಕ್ಕೆ 2012ರ ಮೇ 1ರಿಂದ ನಮ್ಮಲ್ಲಿ ನಿಯಮವಿದೆ, ಸರಿ. ಆದರೆ ಬೆಸುಗೆ ಕಡ್ಡಿ ಹಿಡಿದ ಕೈಗಳ ವಿದ್ಯೆಯನ್ನು ಯಾವ ನಿಯಮವೂ ಉಳಿಸದು. ಅದನ್ನು ಮುಂದಿನ ಹುಡುಗರಿಗೆ ದಾಟಿಸಬೇಕಾದವರು ನಾವೇ.