ಗೋಳಗುಮ್ಮಟದ ಮಾದರಿಯನ್ನು ಮುಂಬಯಿಗೆ ಒಯ್ದ ಜಾನ್ ಬೆಗ್

ರಾಯಬಾಗ ಅಥವಾ ಚಿಕ್ಕೋಡಿ ರೋಡ್ ನಿಲ್ದಾಣದಲ್ಲಿ ರೈಲು ಹತ್ತಿ, ಮಿರಜ ಹಾಗೂ ಪುಣೆಯ ಮಾರ್ಗವಾಗಿ ಮುಂಬಯಿಯ ಛತ್ರಪತಿ ಶಿವಾಜಿ ಮಹಾರಾಜ ಟರ್ಮಿನಸ್ ತಲುಪುವ ಉತ್ತರ ಕರ್ನಾಟಕದ ಪ್ರಯಾಣಿಕನಿಗೆ ನಿಲ್ದಾಣದ ಪಕ್ಕದಲ್ಲಿಯೇ ಪರಿಚಿತವೆನಿಸುವ ಗುಮ್ಮಟವೊಂದು ಕಾಣಿಸುತ್ತದೆ. ಅದು ಮುಂಬಯಿಯ ಪ್ರಧಾನ ಅಂಚೆ ಕಚೇರಿ. ವಿಜಾಪುರದ (ಇಂದಿನ ವಿಜಯಪುರ) ಗೋಳಗುಮ್ಮಟವನ್ನು ಮಾದರಿಯಾಗಿಟ್ಟುಕೊಂಡು ಈ ಕಟ್ಟಡವನ್ನು ವಿನ್ಯಾಸಗೊಳಿಸಿದವರು ಸ್ಕಾಟ್ಲೆಂಡಿನ ವಾಸ್ತುಶಿಲ್ಪಿ ಜಾನ್ ಬೆಗ್. ಅವರ ಸಹಾಯಕನಾಗಿ ಬಂದ ಜಾರ್ಜ್ ವಿಟೆಟ್‌ಗೆ ದೊರೆತ ಪ್ರಸಿದ್ಧಿ ಬೆಗ್ ಅವರಿಗೆ ದೊರೆಯಲಿಲ್ಲ.

ಜನನ ಮತ್ತು ಶಿಕ್ಷಣ

ಬೆಗ್ 1866ರ ಸೆಪ್ಟೆಂಬರ್ 20ರಂದು ಸ್ಕಾಟ್ಲೆಂಡಿನ ಬೋನೆಸ್ ಎಂಬ ಬಂದರು ಪಟ್ಟಣದಲ್ಲಿ ಜನಿಸಿದರು. ಎಡಿನ್‌ಬರೋದಲ್ಲಿ ವಿದ್ಯಾಭ್ಯಾಸ ಮುಗಿಸಿ, ಅಲ್ಲಿನ ವಾಸ್ತುಶಿಲ್ಪಿ ಹಿಪಾಲಿಟ್ ಬ್ಲಾಂಕ್ ಅವರ ಬಳಿ ವೃತ್ತಿಯನ್ನು ಕಲಿತರು. ಅನಂತರ ಲಂಡನ್ನಿನಲ್ಲಿ ಆಲ್ಫ್ರೆಡ್ ವಾಟರ್‌ಹೌಸ್ ಅವರ ಕಚೇರಿಯಲ್ಲಿ ದುಡಿದರು. 1896ರಲ್ಲಿ ದಕ್ಷಿಣ ಆಫ್ರಿಕಕ್ಕೆ ತೆರಳಿ ಕೆಲವು ವರ್ಷ ಅಲ್ಲಿ ವೃತ್ತಿ ನಿರ್ವಹಿಸಿದರು.

ಮುಂಬಯಿ ಪ್ರಾಂತದ ಸೇವೆ

1901ರಲ್ಲಿ ಬೆಗ್ ಮುಂಬಯಿ ಸರಕಾರದ ಸಲಹಾ ವಾಸ್ತುಶಿಲ್ಪಿಯಾಗಿ ನೇಮಕಗೊಂಡರು. ಬೆಳಗಾವಿ, ಧಾರವಾಡ, ವಿಜಾಪುರ ಮತ್ತು ಉತ್ತರ ಕನ್ನಡ ಜಿಲ್ಲೆಗಳು ಆಗ ಮುಂಬಯಿ ಪ್ರಾಂತಕ್ಕೆ ಸೇರಿದ್ದವು. ಚಿಕ್ಕೋಡಿ ಮತ್ತು ಅಥಣಿ ಬೆಳಗಾವಿ ಜಿಲ್ಲೆಯ ತಾಲ್ಲೂಕುಗಳಾಗಿದ್ದವು. ನಿಪ್ಪಾಣಿ ಚಿಕ್ಕೋಡಿಗೆ ಒಳಪಟ್ಟಿತ್ತು, ರಾಯಬಾಗ ಕೊಲ್ಲಾಪುರ ಸಂಸ್ಥಾನದಲ್ಲಿತ್ತು. ಕಾಗವಾಡ ಪ್ರತ್ಯೇಕ ತಾಲ್ಲೂಕಾಗುವವರೆಗೆ ಅಥಣಿಯ ಭಾಗವಾಗಿತ್ತು. ಆದ್ದರಿಂದ ಅಥಣಿಯ ಪೂರ್ವಕ್ಕಿರುವ ವಿಜಾಪುರದ ಸ್ಮಾರಕಗಳು ಮುಂಬಯಿಯ ಅಧಿಕಾರಿಗಳ ಪಾಲಿಗೆ ಪರರಾಜ್ಯದ ಆಸ್ತಿಯಾಗಿರದೆ, ತಮ್ಮ ಪ್ರಾಂತದೊಳಗಿನ ಸ್ಮಾರಕಗಳೇ ಆಗಿದ್ದವು.

ಬೆಗ್ ಬರುವುದಕ್ಕೆ ಬಹಳ ಮೊದಲೇ ಅವುಗಳ ಕೀರ್ತಿ ಸಮುದ್ರ ದಾಟಿತ್ತು. 1866ರಲ್ಲಿ, ಅಂದರೆ ಬೆಗ್ ಜನಿಸಿದ ವರ್ಷವೇ, ವಿಜಾಪುರದ ವಾಸ್ತುಶಿಲ್ಪವನ್ನು ಕುರಿತ ಸಚಿತ್ರ ಗ್ರಂಥವೊಂದು ಲಂಡನ್ನಿನಲ್ಲಿ ಪ್ರಕಟವಾಯಿತು. ಐತಿಹಾಸಿಕ ವಿವರಣೆ ಮೆಡೋಸ್ ಟೇಲರ್ ಅವರದು. ವಾಸ್ತುಶಿಲ್ಪದ ಟಿಪ್ಪಣಿಗಳು ಮತ್ತೊಬ್ಬ ಸ್ಕಾಟಿಷ್ ವಿದ್ವಾಂಸ ಜೇಮ್ಸ್ ಫರ್ಗುಸನ್ ಅವರವು. ಅದರ ನಕ್ಷೆಗಳನ್ನು ಬರೆದವರಲ್ಲಿ ಭಾರತೀಯ ನಕ್ಷೆಗಾರರೂ ಇದ್ದರು. ಗ್ರಂಥದ ಮುಖಪುಟದಲ್ಲಿ ಆಂಗ್ಲ ಅಧಿಕಾರಿಗಳ ಹೆಸರುಗಳಿವೆ. ನಕ್ಷೆಗಾರರನ್ನು ಮಾತ್ರ ‘ದೇಶೀಯರು’ ಎಂದಷ್ಟೇ ಉಲ್ಲೇಖಿಸಲಾಗಿದೆ.

ಅಂಚೆ ಕಚೇರಿಯ ನಿರ್ಮಾಣ

ಪ್ರಧಾನ ಅಂಚೆ ಕಚೇರಿಯ ವಿನ್ಯಾಸ 1902ರದು. 1904ರ ಸೆಪ್ಟೆಂಬರ್ 1ರಂದು ಆರಂಭವಾದ ಕಾಮಗಾರಿ 1913ರ ಮಾರ್ಚ್ 31ರಂದು ಮುಗಿಯಿತು. ವೆಚ್ಚ 18,09,000 ರೂಪಾಯಿ. ಕಪ್ಪು ಬಸಾಲ್ಟ್ ಶಿಲೆಯ ಗೋಡೆಗಳಿಗೆ ಕುರ್ಲಾದ ಹಳದಿ ಕಲ್ಲು ಹಾಗೂ ಧ್ರಾಂಗಧ್ರಾದ ಬಿಳಿ ಕಲ್ಲನ್ನು ಅಲಂಕಾರಕ್ಕಾಗಿ ಬಳಸಲಾಯಿತು.

ಮಾದರಿಗೂ ಈ ಕಟ್ಟಡಕ್ಕೂ ಇರುವ ಅಂತರವೂ ಗಮನಾರ್ಹ. ಮೊಹಮ್ಮದ್ ಆದಿಲ್‌ಶಾಹನ (ಆಳ್ವಿಕೆ 1627-1656) ಸಮಾಧಿಯಾದ ಗೋಳಗುಮ್ಮಟದಲ್ಲಿ ಗುಮ್ಮಟವೇ ಸರ್ವಸ್ವ. ಸುಮಾರು 44 ಮೀಟರ್ ಹೊರವ್ಯಾಸದ ಆ ಗುಮ್ಮಟದ ಭಾರವನ್ನು ಒಂದನ್ನೊಂದು ಛೇದಿಸುವ ಎಂಟು ಕಮಾನುಗಳು ಗೋಡೆಗಳಿಗೆ ಸಾಗಿಸುತ್ತವೆ. ಒಳಗೆ ಒಂದು ಕಂಬವೂ ಇಲ್ಲ. ಮುಂಬಯಿಯಲ್ಲಾದರೋ ಗುಮ್ಮಟವು ಮಧ್ಯದ ಸಭಾಂಗಣಕ್ಕೆ ಮಾತ್ರ ಮೀಸಲು. ಅದರ ಇಕ್ಕೆಲಗಳಲ್ಲಿ ಕಚೇರಿಯ ಕೋಣೆಗಳು ಚಾಚಿಕೊಂಡಿವೆ. ಅರಸನ ಗೋರಿಯ ಮೇಲಿದ್ದ ರೂಪವು ಇಲ್ಲಿ ಅಂಚೆಚೀಟಿ ಕೊಳ್ಳುವ ಜನಸಾಮಾನ್ಯರಿಗೆ ಸೂರಾಯಿತು.

ವಿಟೆಟ್ ಮತ್ತು ಮುಂದಿನ ಪರಂಪರೆ

1904ರಲ್ಲಿ ಬೆಗ್ ಅವರ ಸಹಾಯಕನಾಗಿ ಭಾರತಕ್ಕೆ ಬಂದ ಜಾರ್ಜ್ ವಿಟೆಟ್ (1878-1926) ಕೂಡ ಸ್ಕಾಟ್ಲೆಂಡಿನವರೇ. 1908ರಲ್ಲಿ ಬೆಗ್ ಭಾರತ ಸರಕಾರದ ಸಲಹಾ ವಾಸ್ತುಶಿಲ್ಪಿಯಾದ ಬಳಿಕ ಮುಂಬಯಿಯ ಹೊಣೆ ವಿಟೆಟ್ ಅವರಿಗೆ ಬಂದಿತು. 1924ರಲ್ಲಿ ಉದ್ಘಾಟನೆಯಾದ ಗೇಟ್‌ವೇ ಆಫ್ ಇಂಡಿಯಾ ಅವರ ಕೃತಿ. 1922ರಲ್ಲಿ ಸಾರ್ವಜನಿಕರಿಗೆ ತೆರೆದ ಪ್ರಿನ್ಸ್ ಆಫ್ ವೇಲ್ಸ್ ವಸ್ತುಸಂಗ್ರಹಾಲಯವೂ ಅವರದೇ. ಅದರ ಗುಮ್ಮಟಕ್ಕೂ ಗೋಳಗುಮ್ಮಟವೇ ಪ್ರೇರಣೆ. ಅದು ಇಂದು ಛತ್ರಪತಿ ಶಿವಾಜಿ ಮಹಾರಾಜ ವಸ್ತು ಸಂಗ್ರಹಾಲಯ ಎಂಬ ಹೆಸರು ಪಡೆದಿದೆ. ಹೀಗೆ ಬೆಗ್ ಅಂಚೆ ಕಚೇರಿಯಲ್ಲಿ ಬಳಸಿದ ಮಾದರಿ ಅವರ ಉತ್ತರಾಧಿಕಾರಿಯ ಕೈಯಲ್ಲಿ ಮುಂದುವರಿಯಿತು.

ಕೊನೆಯ ವರ್ಷಗಳು

ರಂಗೂನಿನ ಸುಂಕದ ಕಚೇರಿಯೂ ಬೆಗ್ ಅವರ ಕೃತಿಗಳಲ್ಲೊಂದು. 1921ರಲ್ಲಿ ಅವರು ಸ್ವದೇಶಕ್ಕೆ ಮರಳಿದರು. ಲಾರ್ನ್ ಕ್ಯಾಂಪ್‌ಬೆಲ್ ಅವರೊಡನೆ ಪಾಲುದಾರಿಕೆಯಲ್ಲಿ ವೃತ್ತಿ ಮುಂದುವರಿಸಿ, 1922ರಿಂದ 1933ರವರೆಗೆ ಎಡಿನ್‌ಬರೋ ಕಲಾ ಕಾಲೇಜಿನಲ್ಲಿ ವಾಸ್ತುಶಿಲ್ಪವನ್ನು ಬೋಧಿಸಿದರು. 1937ರ ಫೆಬ್ರುವರಿ 23ರಂದು ನಿಧನರಾದರು.

1956ರ ನವೆಂಬರ್ 1ರಂದು ಬೆಳಗಾವಿ ಹಾಗೂ ವಿಜಾಪುರ ಜಿಲ್ಲೆಗಳು ಮೈಸೂರು ರಾಜ್ಯವನ್ನು ಸೇರಿದವು. ಮುಂಬಯಿಯೊಂದಿಗಿನ ಆಡಳಿತದ ನಂಟು ಕಡಿಯಿತು. ಅರ್ಧ ಶತಮಾನ ಮೊದಲೇ ಅಲ್ಲಿಗೆ ಸಾಗಿದ್ದ ವಿಜಾಪುರದ ಗುಮ್ಮಟದ ರೂಪ ಮಾತ್ರ ಆ ನಗರದಲ್ಲಿ ಉಳಿದಿದೆ. ಆ ಕಟ್ಟಡವನ್ನು ಕುರಿತು ಹೇಳುವಾಗ ಬೆಗ್ ಅವರ ಹೆಸರಿನೊಂದಿಗೆ ವಿಜಾಪುರದ ಹೆಸರನ್ನೂ ಹೇಳುವುದು ನ್ಯಾಯ.