ಮಲೆನಾಡಿನ ಕಾಫಿಯೂ ಕಾಫಿ ಮನೆಗಳ ಆಡಳಿತವೂ

ಕೊಪ್ಪ, ಶೃಂಗೇರಿ, ನರಸಿಂಹರಾಜಪುರ ಎಂಬ ಮೂರು ತಾಲ್ಲೂಕುಗಳು ತುಂಗಾಭದ್ರೆಯರ ಮೇಲುಸೀಮೆಯಲ್ಲಿರುವುವು. ಅಡಕೆಯೊಡನೆ ಕಾಫಿಯೂ ಇಲ್ಲಿಯ ಬೇಸಾಯಗಾರರ ಜೀವನಾಧಾರವು. ಎಲೆರೋಗದಿಂದ ಕಾಫಿತೋಟಗಳು ಹಾಳಾಗುತ್ತಿರಲು, ೧೯೧೫ರಲ್ಲಿ ಕೊಪ್ಪದಲ್ಲಿ ತಾತ್ಕಾಲಿಕವಾದ ಒಂದು ಸಂಶೋಧನ ಕೇಂದ್ರವು ಏರ್ಪಟ್ಟಿತು. ೧೯೨೫ರಲ್ಲಿ ಮೈಸೂರು ಸರ್ಕಾರದವರು ಬಾಳೆಹೊನ್ನೂರಿನ ಬಳಿ ಪ್ರಯೋಗಕ್ಷೇತ್ರವನ್ನು ಸ್ಥಾಪಿಸಿದರು. ಗಿಡದ ರೋಗಕ್ಕೆ ಹೀಗೆ ಮದ್ದನ್ನು ಅರಸಿದುದಾಯಿತು. ಬೆಲೆಯ ಕುಸಿತಕ್ಕೆ ಮಾತ್ರ ಪರಿಹಾರವು ತೋಟದೊಳಗೆ ದೊರೆಯತಕ್ಕುದಾಗಿರಲಿಲ್ಲ.

ದೇಶದೊಳಗೇ ಕಾಫಿ ಕುಡಿಯುವವರನ್ನು ಹೆಚ್ಚಿಸಬೇಕೆಂಬ ಉದ್ದೇಶದಿಂದ ೧೯೩೫ರಲ್ಲಿ ಕಾಫಿ ಸೆಸ್ ಸಮಿತಿಯು ಹುಟ್ಟಿತು. ಮರುವರ್ಷ ಮುಂಬಯಿಯ ಚರ್ಚ್‌ಗೇಟಿನಲ್ಲಿ ಮೊದಲನೆಯ ಇಂಡಿಯಾ ಕಾಫಿ ಹೌಸು ತೆರೆಯಲ್ಪಟ್ಟಿತು. ಮಹಾಯುದ್ಧದಿಂದ ಯೂರೋಪಿನ ಮಾರುಕಟ್ಟೆ ಮುಚ್ಚಿಹೋಗಲು, ೧೯೪೨ರ ಶಾಸನದ ಮೇರೆಗೆ ಕಾಫಿ ಮಂಡಲಿಯು ಬಲಗೊಂಡಿತು. ಬೆಳೆಗಾರರು ಫಸಲನ್ನು ಮಂಡಲಿಗೆ ಒಪ್ಪಿಸಿ, ಅದು ಮಾರಾಟವಾದಂತೆಲ್ಲ ಕಂತುಗಳಲ್ಲಿ ಹಣ ಪಡೆಯತಕ್ಕುದೆಂದು ಗೊತ್ತಾಯಿತು. ೧೯೪೪ರಲ್ಲಿ ಬಾಳೆಹೊನ್ನೂರಿನ ಕೇಂದ್ರವೂ ಮಂಡಲಿಯ ವಶಕ್ಕೆ ಬಂದಿತು. ಸಸಿಯಿಂದ ಬಟ್ಟಲಿನವರೆಗೆ ಒಂದೇ ಆಡಳಿತವಾಯಿತೆನ್ನಬಹುದು.

ಆದರೆ ಈ ಮನೆಗಳ ಗುರಿ ಕಾಫಿಯ ಪ್ರಚಾರವೇ ಆಗಿದ್ದಿತು. ೧೯೫೦ರ ದಶಕದ ನಡುವೆ ಇವನ್ನು ಮುಚ್ಚಲು ಮಂಡಲಿಯವರು ನಿಶ್ಚಯಿಸಿದಾಗ ನೌಕರರು ಬೀದಿಪಾಲಾಗುವ ಸ್ಥಿತಿಯುಂಟಾಯಿತು. ಎ. ಕೆ. ಗೋಪಾಲನ್ ಅವರ ಪ್ರೇರಣೆಯಿಂದ ನೌಕರರೇ ಸಹಕಾರ ಸಂಘಗಳನ್ನು ಕಟ್ಟಿದರು. ಮೊದಲನೆಯದು ೧೯೫೭ರ ಆಗಸ್ಟ್ ೧೯ರಂದು ಬೆಂಗಳೂರಿನಲ್ಲಿ ಸ್ಥಾಪಿತವಾಯಿತು. ಅದೇ ವರ್ಷ ಅಕ್ಟೋಬರ್ ೨೭ರಂದು ದೆಹಲಿಯಲ್ಲಿ ಕಾಫಿ ಮನೆ ತೆರೆಯಿತು. ಒಂದೊಂದು ಪ್ರಾಂತದ ಸಂಘವೂ ಸ್ವತಂತ್ರ. ಆಡಳಿತ ಸಮಿತಿಯು ನೌಕರರಿಂದ ಚುನಾಯಿತವಾದುದು. ಬಡಿಸುವವನೇ ಒಡೆಯರಲ್ಲೊಬ್ಬನಾದನು.

೧೯೯೨ರಿಂದ ಮಂಡಲಿಯ ಮಾರಾಟದ ಹಿಡಿತವು ಹಂತಹಂತವಾಗಿ ಸಡಿಲಿ, ೧೯೯೬ರ ವೇಳೆಗೆ ಬೆಳೆಗಾರರಿಗೆ ಪೂರ್ಣ ಸ್ವಾತಂತ್ರ್ಯ ದೊರೆಯಿತು. ಆ ವರ್ಷವೇ ಚಿಕ್ಕಮಗಳೂರು ಜಿಲ್ಲೆಯ ವಿ. ಜಿ. ಸಿದ್ಧಾರ್ಥ ಅವರು ಬೆಂಗಳೂರಿನ ಬ್ರಿಗೇಡ್ ರಸ್ತೆಯಲ್ಲಿ ಕೆಫೆ ಕಾಫಿ ಡೇಯನ್ನು ಆರಂಭಿಸಿದರು. ಸ್ವಂತ ತೋಟ, ಸ್ವಂತ ಹುರಿಮನೆ, ಸ್ವಂತ ಅಂಗಡಿ ಇವೆಲ್ಲ ಒಂದೇ ಸಮೂಹಕ್ಕೆ ಸೇರಿದುವು. ಮಂಡಲಿಯು ಶಾಸನಬಲದಿಂದ ಮಾಡಿದ ಜೋಡಣೆಯನ್ನು ಇವರು ಬಂಡವಾಳದ ಬಲದಿಂದ ಮಾಡಿದರು. ಸಹಕಾರ ಸಂಘಗಳು ಎಂದೂ ಕಾಣದ ವೇಗದಲ್ಲಿ ಅಂಗಡಿಗಳು ಹರಡಿದುವು. ಜೊತೆಗೆ ಸಾಲವೂ ಬೆಳೆಯಿತು. ೨೦೧೯ರ ಜುಲೈಯಲ್ಲಿ ಸಿದ್ಧಾರ್ಥರು ಮೃತರಾದ ಬಳಿಕ ಆಸ್ತಿಗಳನ್ನು ಮಾರಿ ಸಾಲವನ್ನು ಇಳಿಸಬೇಕಾಯಿತು. ೨೦೨೦ರ ಡಿಸೆಂಬರಿನಲ್ಲಿ ಮಾಳವಿಕಾ ಹೆಗ್ಡೆಯವರು ಆಡಳಿತವನ್ನು ವಹಿಸಿಕೊಂಡರು.

ಈ ಮೂರು ವ್ಯವಸ್ಥೆಗಳನ್ನು ತೂಗಿ ನೋಡಿದರೆ, ನಷ್ಟದ ಹೊರೆ ಯಾರ ಹೆಗಲಿಗೆ ಬೀಳಬೇಕೆಂಬುದೇ ಆಡಳಿತದ ಮೂಲಪ್ರಶ್ನೆಯೆಂದು ವಿದಿತವಾಗುತ್ತದೆ. ಮಂಡಲಿಯ ಕಾಲದಲ್ಲಿ ಬೆಳೆಗಾರನು ಹಣಕ್ಕಾಗಿ ಕಾದನು. ಸಂಘದಲ್ಲಿ ಲಾಭನಷ್ಟಗಳೆರಡೂ ನೌಕರನವು. ಕಂಪೆನಿಯಲ್ಲಿ ಸಾಲವೇ ಬೆಳವಣಿಗೆಯನ್ನು ಹೊತ್ತು, ಕಡೆಗೆ ಅದನ್ನೇ ಕುಗ್ಗಿಸಿತು.